ಎಂಟು ದಿನದ ಸಹಿ

"ಹತ್ತು ನಿಮಿಷ ಅಂದಿದ್ದೆ, ಮೇಡಂ. ಹನ್ನೆರಡು ಆತು."

ಮಿಲಿಂದ ಗಡಿಯಾರ ನೋಡಿ ಈ ಮಾತು ಹೇಳಲಿಲ್ಲ. ಅವನ ಕಣ್ಣು ಸುಹಾಸಿನಿಯ ಬೆರಳುಗಳ ಮೇಲೆಯೇ ಇತ್ತು. ಬೆರಳುಗಳಲ್ಲಿ ಭೂತಗನ್ನಡಿ, ಅದರ ಕೆಳಗೆ ಒಂದು ಹಾಳೆ, ಹಾಳೆಯ ಬುಡದಲ್ಲಿ ಒಂಬತ್ತು ಸಹಿ.

"ಕಿಟಕಿ ಪರದೆ ಜರಾ ಎಳೀರಿ," ಅಂದಳು ಸುಹಾಸಿನಿ, ತಲೆ ಎತ್ತದೆ.

"ಯಾಕ?"

"ಬೆಳಕು ಮ್ಯಾಲಿಂದ ಬ್ಯಾಡ. ಬಾಜೂಕಿಂದ ಬೇಕು."

ಮಿಲಿಂದ ಒಲ್ಲದ ಮನಸ್ಸಿನಿಂದ ಎದ್ದು ಪಕ್ಷದ ಕಚೇರಿಯ ಆ ಕೋಣೆಯ ಪರದೆ ಎಳೆದ. ಸುಹಾಸಿನಿ ಚೀಲದಿಂದ ಸಣ್ಣ ಟಾರ್ಚು ತೆಗೆದು, ಮೇಜಿನ ಮೇಲೆ ಅಡ್ಡ ಮಲಗಿಸಿ, ಹಾಳೆಯ ಮೈಮೇಲೆ ಬೆಳಕು ಹಾಯಿಸಿದಳು.

ಮೂರು ದಿನದಿಂದ ಹೈದರಾಬಾದಿನ ಟೀವಿಗಳೆಲ್ಲ ಈ ಹಾಳೆಯನ್ನೇ ತೋರಿಸುತ್ತಿದ್ದವು. ಲೋಕಸೇತು ಪಕ್ಷದ ರಾಷ್ಟ್ರಾಧ್ಯಕ್ಷರ ಚುನಾವಣೆಗೆ ಇನ್ನು ಹತ್ತೇ ದಿನ. ಕಣದಲ್ಲಿ ಇಬ್ಬರು. ದಿಲ್ಲಿಯ ಹಿರಿಯರೆಲ್ಲ ಬೆನ್ನಿಗೆ ನಿಂತ ವಾಸುದೇವ ಪಾಲೇಕರ ಒಬ್ಬರು. ಅವರೆದುರು ತೊಡೆ ತಟ್ಟಿ ನಿಂತ ಕುಮುದಾ ದೇಸಾಯಿ ಇನ್ನೊಬ್ಬರು. 'ನಮ್ಮ ಬೆಂಬಲ ಪಾಲೇಕರರಿಗೆ' ಎಂದು ತೆಲಂಗಾಣದ ಒಂಬತ್ತು ಮುಖಂಡರು ಸಹಿ ಹಾಕಿದ ಪತ್ರ ಇದು. ತೆಲಂಗಾಣ ಯಾವ ಕಡೆ ವಾಲುತ್ತದೆ ಎಂದು ಇನ್ನೂ ಆರು ರಾಜ್ಯಗಳು ಕಾದು ಕೂತಿದ್ದವು.

ನಾಲ್ಕನೆಯ ಸಹಿ ರಾಜ್ಯ ಉಪಾಧ್ಯಕ್ಷೆ ಗಂಗೂಬಾಯಿಯದು. ಎರಡು ತಿಂಗಳಿಂದ ಊರೂರು ತಿರುಗಿ ಕುಮುದಾಳ ಪರ ಮಾತಾಡಿದವಳು ಅವಳು. ಅಂಥವಳ ಸಹಿ ಪಾಲೇಕರರ ಪತ್ರದಲ್ಲಿ! ಬೇಗಂ ಬಜಾರಿನಲ್ಲಿ ಅವಳದೇ ಸಂಘದ ಹೆಂಗಸರು ಅವಳ ಮುಖ ನೋಡದೆ ಹಾದುಹೋಗತೊಡಗಿದ್ದರು.

ಗಂಗೂಬಾಯಿ ಮಾತ್ರ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಆ ದಸ್ಕತ್ತು ನಂದಲ್ಲ." ಅದನ್ನು ಪರೀಕ್ಷೆ ಮಾಡಿಸಲು ಸುಹಾಸಿನಿಗೆ ಫೋನು ಮಾಡಿ ಕರೆಸಿದವಳೂ ಅವಳೇ.

ಸುಹಾಸಿನಿ ನಾಲ್ಕನೆಯ ಸಹಿಯ ಮೇಲೆ ಭೂತಗನ್ನಡಿ ನಿಲ್ಲಿಸಿದಳು. ಕನ್ನಡ ಅಕ್ಷರ. 'ಗಂಗೂಬಾಯಿ'. ಉಳಿದ ಎಂಟು ಜನ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಗೀಚಿದ್ದರು.

ಅಡ್ಡಬೆಳಕಿನಲ್ಲಿ ಕಾಗದ ಬಾಯಿಬಿಟ್ಟಿತು. ಶಾಯಿಯ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ. ಶಾಯಿಯಿಲ್ಲದ್ದು, ಕೂದಲೆಳೆಯಷ್ಟು ತೆಳ್ಳಗಿನ ತಗ್ಗು. ಮೊದಲು ಯಾರೋ ಮೊನಚಾದ ಕಡ್ಡಿಯಿಂದ ಒತ್ತಿ ಅಚ್ಚು ಮೂಡಿಸಿ, ಆಮೇಲೆ ಅದರ ಮೇಲೆ ಪೆನ್ನು ಓಡಿಸಿದ್ದರು. 'ಗೂ' ಅಕ್ಷರದ ಹೊಟ್ಟೆಯಲ್ಲಿ ಪೆನ್ನು ಎರಡು ಕಡೆ ನಿಂತಿತ್ತು. ಎಪ್ಪತ್ತೆರಡು ವರ್ಷದ ಹೆಂಗಸು ಎಷ್ಟು ನಡುಗುವ ಕೈಯಲ್ಲಿ ಬರೆದರೂ ತನ್ನ ಹೆಸರಿನ ನಡುವೆ ನಿಂತು, ಮುಂದೇನು ಎಂದು ಯೋಚಿಸುವುದಿಲ್ಲ.

ಸುಹಾಸಿನಿ ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ಪಾರದರ್ಶಕ ಹಾಳೆಯೊಂದನ್ನು ಸಹಿಯ ಮೇಲಿಟ್ಟು ಗೆರೆಗೆ ಗೆರೆ ನಕಲು ಮಾಡಿಕೊಂಡಳು.

"ಆತಲ್ಲ?" ಮಿಲಿಂದ ಹಾಳೆಯನ್ನು ಎಳೆದುಕೊಂಡ. ರಾಜ್ಯ ಘಟಕದ ಪ್ರಧಾನ ಕಾರ್ಯದರ್ಶಿ ಅವನು. ಇಲ್ಲಿ ಪಾಲೇಕರರ ಪ್ರಚಾರದ ಹೊಣೆಯೆಲ್ಲ ಅವನದೇ. ನಲವತ್ತೈದು ದಾಟಿದ್ದರೂ ಇಸ್ತ್ರಿ ಕೆಡದ ಮನುಷ್ಯ. "ಏನು ಕಂಡ್ರಿ?"

"ಕಂಡದ್ದನ್ನ ಬರದು ಕೊಡತೀನಿ."

"ಬರೀಬ್ಯಾಡ್ರಿ, ಮೇಡಂ. ಗಂಗೂಬಾಯಿಗೆ ವಯಸ್ಸಾಗೇದ. ದಸ್ಕತ್ತು ಮಾಡ್ಯಾರ, ಮರತಾರ. ಸಂಜಿ ಐದಕ್ಕ ಪಕ್ಷದ ಪ್ರಕಟಣೆ ಹೊರಗ ಬೀಳತದ. ಅವರಿಗೆ ಮರೆವಿನ ರೋಗ ಐತಿ, ಡಾಕ್ಟರು ಬರದು ಕೊಟ್ಟಾರ, ಪಕ್ಷ ಅವರಿಗೆ ಗೌರವದಲೆ ವಿಶ್ರಾಂತಿ ಕೊಡತದ ಅಂತ."

"ಯಾವ ಡಾಕ್ಟರು? ಆಕಿನ್ನ ನೋಡ್ಯಾರೇನು?"

ಮಿಲಿಂದ ನಕ್ಕ. "ನೋಡೂದೇನೈತ್ರಿ? ಮೂರು ದಿನದಿಂದ ಟೀವಿಯಾಗ ಊರೆಲ್ಲಾ ನೋಡೇದಲ್ಲ."

ಸುಹಾಸಿನಿ ಟಾರ್ಚು ಆರಿಸಿ ಚೀಲಕ್ಕೆ ಹಾಕಿದಳು. ಮೂವತ್ತೊಂದು ವರ್ಷ ಸರಕಾರಿ ಪ್ರಯೋಗಾಲಯದಲ್ಲಿ ದಾಖಲೆ ಪರೀಕ್ಷಕಿಯಾಗಿ ದುಡಿದವಳು ಅವಳು. ಆ ಮೂವತ್ತೊಂದು ವರ್ಷಗಳಲ್ಲಿ ಒಂದೇ ಒಂದು ಸಲ, ಮೇಲಧಿಕಾರಿಯ ಒತ್ತಡಕ್ಕೆ ಮಣಿದು, ಸುಳ್ಳೆಂದು ಗೊತ್ತಿದ್ದ ಸಹಿಗೆ 'ಖಚಿತ ಅಭಿಪ್ರಾಯ ಸಾಧ್ಯವಿಲ್ಲ' ಎಂದು ಬರೆದಿದ್ದಳು. ಆ ಸಹಿಯಿಂದ ಮನೆ ಕಳೆದುಕೊಂಡ ವಿಧವೆ ಕೋರ್ಟಿನ ಮೆಟ್ಟಿಲ ಮೇಲೆ ಇವಳನ್ನು ನೋಡಿದ ನೋಟ ಇವತ್ತಿಗೂ ಊಟಕ್ಕೆ ಕೂತಾಗ ನೆನಪಾಗುತ್ತದೆ.

"ಈಗ ಹನ್ನೆರಡು," ಅಂದಳು. "ಐದಕ್ಕ ಇನ್ನೂ ಐದು ತಾಸು ಐತಿ, ಮಿಲಿಂದ. ಐದು ತಾಸಿನಾಗ ನಾ ಭಾಳ ಕೆಲಸ ಮಾಡತೀನಿ."

*

ಬೇಗಂ ಬಜಾರಿನ ಮೆಣಸಿನಕಾಯಿ ಗೋದಾಮಿನಲ್ಲಿ ಕಾಲಿಟ್ಟವರೆಲ್ಲ ಸೀನುತ್ತಾರೆ. ಅಲ್ಲಿ ಕೂತು ತೊಟ್ಟು ಬಿಡಿಸುವ ಹೆಂಗಸರು ಮಾತ್ರ ಸೀನುವುದಿಲ್ಲ. ಗಂಗೂಬಾಯಿ ಇಪ್ಪತ್ತರ ವಯಸ್ಸಿಗೆ ಬಸವಕಲ್ಯಾಣದ ಕಡೆಯಿಂದ ಬಂದು ಈ ರಾಶಿಗಳ ಮುಂದೆ ಕೂತವಳು. ಆಮೇಲೆ ಇಲ್ಲಿಯ ಹೆಂಗಸರನ್ನೆಲ್ಲ ಕೂಡಿಸಿ ಸಂಘ ಕಟ್ಟಿದಳು, ಬಜಾರಿಗೆ ಹೆಂಗಸರ ಶೌಚಾಲಯ ಬರುವವರೆಗೂ ಹನ್ನೊಂದು ದಿನ ರಸ್ತೆಯಲ್ಲಿ ಕೂತಳು. ಪಕ್ಷ ಅವಳನ್ನು ಹುಡುಕಿಕೊಂಡು ಬಂದದ್ದು ಹನ್ನೆರಡನೆಯ ದಿನ.

ಇವತ್ತು ಅವಳು ಗೋದಾಮಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಐದು ಗಂಟೆಯ ಪ್ರಕಟಣೆಯ ಸುದ್ದಿ ಅವಳಿಗೂ ಆಗಲೇ ಮುಟ್ಟಿತ್ತು. ಹೆಂಗಸರು ಬೆನ್ನು ತಿರುಗಿಸಿಕೊಂಡು ತೊಟ್ಟು ಬಿಡಿಸುತ್ತಿದ್ದರು.

"ಬರ್ರಿ ತಂಗೀ. ನಾ ಹುಚ್ಚಿ ಹೌದೋ ಅಲ್ಲೋ, ಹೇಳ್ರಿ."

"ಅಲ್ಲ. ಸಹಿ ಸುಳ್ಳು. ಯಾವುದೋ ನಿಮ್ಮ ಖರೇ ಸಹಿ ಮ್ಯಾಲಿಟ್ಟು ಒತ್ತಿ ತೆಗದಾರ."

ತೊಟ್ಟು ಮುರಿಯುವ ಸದ್ದು ಅರೆಗಳಿಗೆ ನಿಂತು ಮತ್ತೆ ಶುರುವಾಯಿತು.

"ಆದ್ರ ಒಂದು ಮಾತು ತಿಳಿವಲ್ದು, ಬಾಯಿ." ಸುಹಾಸಿನಿ ಪಕ್ಕದಲ್ಲಿ ಕೂತು ಮೊಬೈಲು ತೆರೆದಳು. "ನಿಮ್ಮ ಹದಿನಾಲ್ಕು ಖರೇ ಸಹಿ ನೋಡೀನಿ. ನೀವು ಪೆನ್ನು ಎತ್ತದ ಒಂದೇ ಓಟಕ್ಕ ಬರೀತೀರಿ. 'ಗೂ'ದ ಬಾಲ 'ಬಾ'ದ ಕೆಳಗ ಹೋಗತದ. ಈ ಸುಳ್ಳು ಸಹಿಯೊಳಗ ಬಾಲ ಮೊಂಡ ಐತಿ. ಅಕ್ಷರೆಲ್ಲಾ ಎಡಕ್ಕ ವಾಲ್ಯಾವ, 'ಯಿ' ಗೆರೆ ಬಿಟ್ಟು ಕೆಳಗ ಬಿದ್ದದ. ಹಿಂಗ ನೀವು ಎಂದಾದರೂ ಬರದೀರೇನು?"

ಗಂಗೂಬಾಯಿ ಕನ್ನಡಕ ಸರಿಪಡಿಸಿಕೊಂಡು ಪರದೆಯ ಮೇಲೆ ಬಗ್ಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಬಲಗೈಯ ತೋರುಬೆರಳನ್ನು ಎಡಗೈಯಿಂದ ಮೆಲ್ಲಗೆ ಹಿಡಿದುಕೊಂಡಳು.

"ಬರದೀನಿ," ಅಂದಳು. "ಹೋದ ದಸರಾ ಮುಂದ ಈ ಬೆರಳ ಮ್ಯಾಲ ಶಟರ್ ಬಿತ್ತು. ಎಂಟು ದಿನ ಪಟ್ಟಿ ಕಟ್ಟಿದ್ರು. ಪೆನ್ನು ನಡುಬೆರಳಿನಾಗ ಸಿಕ್ಕಿಸಿಕೊಂಡು ಬರೀತಿದ್ದೆ. ಒಂಬತ್ತನೇ ದಿನಕ್ಕ ಪಟ್ಟಿ ಬಿಚ್ಚಿದ್ರು."

ನಲವತ್ತು ವರ್ಷದ ಸಾರ್ವಜನಿಕ ಜೀವನದಲ್ಲಿ ಗಂಗೂಬಾಯಿ ಹಾಕಿದ ಸಾವಿರಾರು ಸಹಿಗಳಲ್ಲಿ ಕಳ್ಳನ ಕೈಗೆ ಸಿಕ್ಕದ್ದು ಆ ಎಂಟೇ ದಿನದ ಒಂದು ಸಹಿ.

"ಆ ಎಂಟು ದಿನದಾಗ ಎಷ್ಟು ಕಾಗದಕ್ಕ ಸಹಿ ಹಾಕೀರಿ? ನೆನಪು ಮಾಡ್ರಿ. ಎಲ್ಲಾ ಅದರ ಮ್ಯಾಲೇ ನಿಂತದ."

"ದವಾಖಾನಿ ಕಾಗದಕ್ಕ ಒಂದು. ಸಂಘದ ಹಾಜರಿ ಪುಸ್ತಕಕ್ಕ ಒಂದು."

ಎರಡೂ ಅಲ್ಲೇ ಇದ್ದವು, ಗೋದಾಮಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಸುಹಾಸಿನಿ ಮಂಡಿಯೂರಿ ಕೂತು ತನ್ನ ಪಾರದರ್ಶಕ ಹಾಳೆಯನ್ನು ಒಂದೊಂದರ ಮೇಲೂ ಇಟ್ಟಳು. ಅದೇ ಮೊಂಡ ಬಾಲ, ಅದೇ ಎಡವಾಲು. ಆದರೆ ಗೆರೆಗೆ ಗೆರೆ ಕೂಡಲಿಲ್ಲ. ಒಬ್ಬರ ಎರಡು ಸಹಿ ಹುಬೇಹೂಬು ಒಂದೇ ಆಗುವುದಿಲ್ಲ. ಆದವೆಂದರೆ ಒಂದು ಇನ್ನೊಂದರ ಅಚ್ಚು. ಇವೆರಡೂ ಆ ಅಚ್ಚಿನ ಮೂಲವಲ್ಲ.

"ಮೂರನೇದು ಯಾವುದು, ಬಾಯಿ?"

"ಮೂರನೇದು ಇಲ್ಲ."

"ಐತಿ."

ಗಂಗೂಬಾಯಿ ಎದ್ದು ನಿಂತಳು. ಸೆರಗು ಕೊಡವಿದಳು. ಬೆನ್ನು ತಿರುಗಿಸಿ ಕೂತ ಹೆಂಗಸರ ಕಡೆ ಒಮ್ಮೆ ನೋಡಿದಳು.

"ಇಲ್ಲೆ ಬ್ಯಾಡ," ಅಂದಳು. "ಗಾಡಿ ಕರೀರಿ. ಮಣಿಕೊಂಡಕ್ಕ ಹೋಗೂಣು."

*

ಟ್ಯಾಕ್ಸಿ ಮೆಹದಿಪಟ್ಟಣ ದಾಟಿತು. ಗಂಗೂಬಾಯಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ರಾಜೀನಾಮೆ. ಮೂರನೇ ಕಾಗದ ಅದ. ಹೆಂಗಸರು ಕೂಡೂ ಜಾಗಾದಾಗ ಗಾಡಿ ನಿಲ್ಲಸಾಕ ಪಕ್ಷದವರೇ ಚೀಟಿ ಕೊಟ್ಟಿದ್ರು. ಸಿಟ್ಟು ಬಂತು. ನೋಟ್‌ಬುಕ್ಕಿನ ಹಾಳಿ ಹರದು, ಪಟ್ಟಿ ಕಟ್ಟಿದ ಕೈಲೆ ಬರದು, ಹಣಮಂತರಾಯರ ಕೈಯಾಗ ಕೊಟ್ಟು ಬಂದೆ."

ಹಣಮಂತರಾಯರು ಪಕ್ಷದ ರಾಜ್ಯಾಧ್ಯಕ್ಷರು. ಬೆಂಬಲ ಪತ್ರದ ಮೊದಲ ಸಹಿ ಅವರದೇ.

"ಅವರು ಏನಂದ್ರು?"

"ಹರದು ಒಗೀತೀನಿ, ನೀವು ಮನೀಗೆ ಹೋಗ್ರಿ ಅಂದ್ರು. ನಂಬಿದೆ. ಮರುದಿನ ನಾನೂ ತಣ್ಣಗಾದೆ. ಹೆಂಗಸರಿಗೆ ಹೇಳಲಿಲ್ಲ. ಅವರನ್ನ ಹನ್ನೊಂದು ದಿನ ರಸ್ತೆದಾಗ ಕೂಡಿಸಿದಾಕಿ ನಾ, ನಾನೇ ಬಿಟ್ಟು ಹೊಂಟಿದ್ದೆ ಅಂತ ಹೆಂಗ ಹೇಳಲಿ?"

"ರಾಯರು ಹರದಿಲ್ಲ ಅಂತ ನಿಮಗ ಅನಸ್ತದೇನು?"

"ಅದನ್ನ ಕೇಳಾಕ ಹೊಂಟೀನಿ." ಗಂಗೂಬಾಯಿ ಹಳೆಯ ಫೋನು ತೆಗೆದು ಒಂದಾದ ಮೇಲೊಂದು ನಂಬರು ಒತ್ತತೊಡಗಿದಳು. ಹಿಂದಿಯಲ್ಲಿ, ತೆಲುಗಿನಲ್ಲಿ, ಗಟ್ಟಿ ದನಿಯಲ್ಲಿ. ಎಲ್ಲರಿಗೂ ಒಂದೇ ಮಾತು: ನಾಲ್ಕೂವರೆಗೆ ಹಣಮಂತರಾಯರ ಮನೆಯ ಗೇಟಿಗೆ ಬನ್ನಿ, ಕ್ಯಾಮೆರಾ ತನ್ನಿ.

"ಬಾಯಿ, ಇನ್ನೂ ನಮ್ಮ ಕೈಯಾಗ ಪುರಾವೆ ಇಲ್ಲ!"

"ಅವರ ಕೈಯಾಗ ಡಾಕ್ಟರು ಅದಾನ. ನನ್ನ ಕೈಯಾಗ ಬಾಯಿ ಐತಿ."

*

ಮಣಿಕೊಂಡದ ಆ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದವಳು ಹಣಮಂತರಾಯರ ಮಗಳು ಹರ್ಷದಾ. ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದಳು. ಕಿವಿಗೆ ಸಿಕ್ಕಿಸಿಕೊಂಡದ್ದನ್ನು ಅರ್ಧ ಸರಿಸಿ, ಕೈ ಮುಗಿದು, ಒಳಗೆ ಕರೆದು, ತನ್ನ ಕೋಣೆಗೆ ಹೋದಳು.

ಹಣಮಂತರಾಯರು ಸೋಫಾದಿಂದ ಏಳಲು ಹೋಗಿ ಮತ್ತೆ ಕೂತರು. ಎಪ್ಪತ್ತೈದರ ಎತ್ತರದ ಆಳು. ಮೂರು ದಿನದ ಗಡ್ಡ.

"ಬರ್ರಿ ಬಾಯಿ. ಚಹಾ..."

"ಚಹಾ ಬ್ಯಾಡ, ರಾಯರ. ನನ್ನ ರಾಜೀನಾಮೆ ಪತ್ರ ಕೊಡ್ರಿ."

ರಾಯರು ಸುಹಾಸಿನಿಯ ಕಡೆ ನೋಡಿದರು, ಮೇಜಿನ ಮೇಲಿದ್ದ ತಮ್ಮ ಫೋನಿನ ಕಡೆ ನೋಡಿದರು.

"ಅದು... ಅವತ್ತೇ ಹರದು..."

"ಹರದಿಲ್ಲ. ಹರದಿದ್ರ ಈ ಕಳ್ಳ ಸಹಿ ಎಲ್ಲಿಂದ ಬರತಿತ್ತು? ನಲವತ್ತು ವರ್ಷ ಒಂದೇ ಜೀಪಿನಾಗ ತಿರಿಗೀವಿ. ಲಾಠಿ ಏಟು ಬಿದ್ದಾಗ ನನ್ನ ಮುಂದ ನಿಂತಿದ್ರಿ. ಇವತ್ತ ನನ್ನ ಹುಚ್ಚಿ ಅಂತ ಬರದು ಹಂಚಾಕತ್ತಾರ, ನೀವು ಮನ್ಯಾಗ ಗಡ್ಡ ಬಿಟ್ಟಗೊಂಡು ಕುಂತೀರಿ!"

"ನನಗೇನು ಗೊತ್ತಿತ್ತು, ಬಾಯಿ?" ಅಂದರು ರಾಯರು. "ಮಿಲಿಂದ ಪತ್ರ ತಂದಾಗ ಮೊದಲನೇ ಜಾಗಾ ನನಗಂತ ಖಾಲಿ ಇತ್ತು. ನಾಲ್ಕನೇ ಜಾಗಾದಾಗ ನಿಮ್ಮ ಸಹಿ ಆಗಲೇ ಇತ್ತು. ಗಂಗೂಬಾಯಿನೇ ಮಾಡ್ಯಾರ ಅಂದಮ್ಯಾಲ ನಾ ಯಾವ ಮುಖದಲೆ ಒಲ್ಲೆ ಅನ್ನಲಿ? ಉಳದವರೂ ಹಂಗ. ನಿಮ್ಮ ಹೆಸರು ನೋಡೇ ಎಲ್ಲಾರೂ ಹಾಕಿದ್ದು."

ಸುಹಾಸಿನಿ ಇಷ್ಟು ಹೊತ್ತು ನಿಂತೇ ಇದ್ದಳು. ಈಗ ಎದುರಿಗೆ ಕೂತಳು. ಹಾಗಾದರೆ ಆ ಸುಳ್ಳು ಸಹಿ ಒಂಬತ್ತರಲ್ಲಿ ಒಂದಲ್ಲ. ಉಳಿದ ಎಂಟನ್ನೂ ಎಳೆದು ತಂದ ಸಹಿ ಅದು.

"ರಾಯರ, ನಿಮ್ಮ ಸಹಿ ನಿಮ್ಮದ. ಅದರ ಬಗ್ಗೆ ನಾ ಕೇಳೂದಿಲ್ಲ," ಅಂದಳು. "ರಾಜೀನಾಮೆ ಪತ್ರ ಹರೀಲಿಲ್ಲ, ಹೌದಲ್ಲೋ?"

ರಾಯರು ಫೋನು ತೆಗೆದುಕೊಂಡರು. ಹಿಂದೆ, ಹಿಂದೆ ಸರಿಸುತ್ತಾ ಹೋಗಿ ಒಂದು ಫೋಟೊ ತೆರೆದು ಮೇಜಿನ ಮೇಲಿಟ್ಟರು. ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆ, ನಾಲ್ಕು ಸಾಲು, ಕೆಳಗೆ ಎಡಕ್ಕೆ ವಾಲಿದ ಒಂದು ಹೆಸರು.

"ಯಾವುದಕ್ಕೂ ಇರಲಿ ಅಂತ ಫೋಟೊ ತಗೊಂಡಿದ್ದೆ."

ಸುಹಾಸಿನಿ ಪಾರದರ್ಶಕ ಹಾಳೆ ತೆಗೆದು ಫೋನಿನ ಮೇಲೆ ಹಾಸಿದಳು. ಎರಡು ಬೆರಳಿನಿಂದ ಫೋಟೊವನ್ನು ಹಿಗ್ಗಿಸಿ, ಕುಗ್ಗಿಸಿ, ಮೊದಲ 'ಗಂ' ಕೂಡುವವರೆಗೆ ಹೊಂದಿಸಿದಳು.

'ಗಂ' ಕೂಡಿತು. 'ಗೂ' ಕೂಡಿತು, ಮೊಂಡ ಬಾಲದ ಸಮೇತ. 'ಬಾ' ಕೂಡಿತು. ಗೆರೆ ಬಿಟ್ಟು ಬಿದ್ದ 'ಯಿ' ಬಿದ್ದಲ್ಲೇ ಬಂದು ಕೂತಿತು. ಎರಡು ಸಹಿ ಇದ್ದವೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಗಂಗೂಬಾಯಿ ಬಗ್ಗಿ ನೋಡಿ, ದೊಡ್ಡದೊಂದು ಉಸಿರು ಬಿಟ್ಟಳು. ಮೂರು ದಿನದಲ್ಲಿ ಬಹುಶಃ ಮೊದಲ ಸಲ.

"ನಾ ಹುಚ್ಚಿ ಅಲ್ಲ," ಅಂದಳು, ಯಾರಿಗೂ ಅಲ್ಲ ಎಂಬಂತೆ.

"ಈ ಫೋಟೊ ನನಗ ಕಳಸ್ರಿ, ರಾಯರ," ಅಂದಳು ಸುಹಾಸಿನಿ. "ಮತ್ತ ಇದು ಹೇಳ್ರಿ. ಮೂಲ ಕಾಗದ ಯಾರ ಹತ್ತರ ಐತಿ? ಮಿಲಿಂದಗ ಕೊಟ್ರೇನು?"

"ಈಗ ಕಳಸ್ತೀನ್ರಿ." ರಾಯರು ಫೋನು ಎತ್ತಿಕೊಂಡರು, ಆದರೆ ಕಣ್ಣು ಎತ್ತಲಿಲ್ಲ. "ಮಿಲಿಂದಗ ಅಲ್ಲ. ಆಗ ತೆಲಂಗಾಣದ ಉಸ್ತುವಾರಿ ಯಾರು ಇದ್ರು? ಬಾಯಿನ್ನ ಸಮಾಧಾನ ಮಾಡ್ರಿ ಅಂತ ಅವರಿಗೆ ಕಳಸಿದೆ."

"ಯಾರಿಗೆ?"

"ಕುಮುದಾಗ."

ಒಳಕೋಣೆಯಲ್ಲಿ ಹರ್ಷದಾ ಯಾರ ಜೊತೆಗೋ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು. ಗಂಗೂಬಾಯಿ ಮೆಲ್ಲಗೆ ಕುರ್ಚಿಯ ತೋಳು ಹಿಡಿದು ಕೂತಳು.

"ಮರುದಿನ ಅಕಿ ಬಜಾರಕ್ಕ ಬಂದಿದ್ಲು," ಅಂದಳು. "ಪಟ್ಟಿ ಕಟ್ಟಿದ ಕೈ ಹಿಡಕೊಂಡು ಅತ್ತಿದ್ಲು. ಬೆರಳ ಸುದ್ದಿ ಕೇಳಿ ಬಂದಾಳ ಅಂದಕೊಂಡಿದ್ದೆ."

ಸುಹಾಸಿನಿಯ ತಲೆಯಲ್ಲಿ ಲೆಕ್ಕ ತಿರುಗಿತು. ಸಹಿ ಸುಳ್ಳೆಂದು ಇವತ್ತು ಬಯಲಾದರೆ ಮುಖಕ್ಕೆ ಮಸಿ ಹತ್ತುವುದು ಯಾರಿಗೆ? ಪಾಲೇಕರರಿಗೆ. ಕಳ್ಳ ಪತ್ರ ತೋರಿಸಿ ಬೆಂಬಲ ಗಿಟ್ಟಿಸಿದವರೆಂದು ಆರು ರಾಜ್ಯಗಳೂ ಅವರನ್ನು ಬಿಟ್ಟು ಓಡುತ್ತವೆ. ಓಡಿ ಎಲ್ಲಿಗೆ ಹೋಗುತ್ತವೆ?

"ಬಾಯಿ," ಅಂದಳು ಮೆಲ್ಲಗೆ. "ನೀವು ಸುಮ್ಮನಿರೋ ಪೈಕಿ ಅಲ್ಲ ಅಂತ ಗೊತ್ತಿದ್ದವರೇ ನಿಮ್ಮ ಸಹಿ ಆರಿಸ್ಯಾರ. ನೀವು ಒದರಬೇಕು ಅಂತನ ಮಾಡಿರಬಹುದು. ಒಂದು ದಿನ ತಡೀರಿ."

ಕೆಳಗೆ ಗೇಟಿನ ಹತ್ತಿರ ಗಾಡಿಗಳು ನಿಲ್ಲುವ, ಬಾಗಿಲು ಬಡಿಯುವ ಸದ್ದು ಬಂತು. ನಾಲ್ಕೂವರೆ.

"ಐದಕ್ಕ ನನ್ನ ಹುಚ್ಚಿ ಮಾಡತಾರ," ಅಂದಳು ಗಂಗೂಬಾಯಿ. "ನಾಳಿ ಹುಚ್ಚಿ ಮಾತು ಯಾವಾಂವ ಕೇಳತಾನ?"

"ಆದ್ರ ಇದರಿಂದ ಕುಮುದಾಗ..."

"ಕುಮುದಾಗ ಲಾಭ ಆದರ ಆಗಲಿ, ಪಾಲೇಕರಗ ಆದರ ಆಗಲಿ. ಅವ್ವ ಬೂದಿ ಹರವಿ ಅದರ ಮ್ಯಾಲ ನನ್ನ ಬೆರಳ ಹಿಡದು ತಿದ್ದಿಸಿದ ಅಕ್ಷರ ಅವು. ಆಫೀಸಿನವರೆಲ್ಲಾ ನಗತಿದ್ರು, ಹೈದರಾಬಾದಿನಾಗ ಕನ್ನಡ ಸಹಿ ಏನು, ಬ್ಯಾರೆ ಕಲೀರಿ ಅಂತಿದ್ರು. ಕಲೀಲಿಲ್ಲ. ಯಾರ ಸಲುವಾಗಿನೂ ಅದನ್ನ ಕಳಕೊಳ್ಳಾಂಗಿಲ್ಲ ನಾ."

ಎದ್ದು ಹೊರಟೇಬಿಟ್ಟಳು. ಸುಹಾಸಿನಿ ಚೀಲ ಹೆಗಲಿಗೇರಿಸಿ ಹಿಂದೆ ಓಡಿದಳು. ಲಿಫ್ಟಿನ ಬಾಗಿಲು ಮುಚ್ಚುವಾಗ ಅವಳಿಗೆ ಒಂದು ಪ್ರಶ್ನೆ ಹೊಳೆಯಿತು. ಮೊದಲ ದಿನವೇ ಕೇಳಬೇಕಿತ್ತು.

"ಬಾಯಿ, ನನ್ನ ಹೆಸರು, ನಂಬರು ನಿಮಗ ಕೊಟ್ಟವರು ಯಾರು?"

ಗಂಗೂಬಾಯಿ ಲಿಫ್ಟಿನ ಕನ್ನಡಿಯಲ್ಲಿ ಅವಳನ್ನೇ ನೋಡಿದಳು.

"ಕುಮುದಾ."

*

ಗೇಟಿನ ಮುಂದೆ ಹತ್ತು ಹನ್ನೆರಡು ಮೈಕು. ಗಂಗೂಬಾಯಿ ಹಿಂದಿಯಲ್ಲಿ ಶುರುಮಾಡಿ ತೆಲುಗಿಗೆ ಹೊರಳಿದಳು. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಬೆರಳು ಎತ್ತಿ ತೋರಿಸಿದಳು, ಪಟ್ಟಿ ಕಟ್ಟಿದ ಎಂಟು ದಿನದ ಕಥೆ ಹೇಳಿದಳು. ತಾನು ರಾಜೀನಾಮೆ ಬರೆದದ್ದನ್ನೂ ಮುಚ್ಚಿಡಲಿಲ್ಲ. "ನನ್ನ ಹೆಂಗಸರು ಕೇಳುತ್ತಿದ್ದರೆ ಕೇಳಲಿ, ಆ ದಿನ ನಾನು ಸೋತಿದ್ದೆ. ಇವತ್ತು ಸೋತಿಲ್ಲ," ಅಂದಳು. "ಸಹಿ ನನ್ನದಲ್ಲ. ನನಗೆ ಮರೆವೂ ಇಲ್ಲ. ಬೇಕಿದ್ದರೆ ಈ ಪಕ್ಷದ ನಲವತ್ತು ವರ್ಷದ ಒಂದೊಂದು ದಿನ ಕೇಳಿ, ಹೇಳುತ್ತೇನೆ."

"ಆ ರಾಜೀನಾಮೆ ಪತ್ರ ಈಗ ಯಾರ ಹತ್ತಿರ ಇದೆ?" ಒಬ್ಬ ವರದಿಗಾರ ಕೂಗಿದ.

ಅವಳು ಬಾಯಿ ತೆರೆಯುವಷ್ಟರಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಹತ್ತಿಯ ಸೀರೆ, ಕುತ್ತಿಗೆಗೆ ಸುತ್ತಿದ ಶಾಲು. ಕುಮುದಾ ದೇಸಾಯಿ. ಕ್ಯಾಮೆರಾಗಳೆಲ್ಲ ಒಟ್ಟಿಗೆ ತಿರುಗಿದವು. ಕುಮುದಾ ನೇರವಾಗಿ ಬಂದು ಗಂಗೂಬಾಯಿಯ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು.

"ಬಾಯಿ, ನಿಮಗ ಮಾಡಿದ್ದು ದೇಶಕ್ಕ ಮಾಡಿದ ಮೋಸ. ನಿಮ್ಮ ಜೋಡಿ ನಾ ನಿಂತೀನಿ."

ಗಂಗೂಬಾಯಿ ಕೈ ಬಿಡಿಸಿಕೊಳ್ಳಲಿಲ್ಲ. ಬದಲಿಗೆ ಇನ್ನೂ ಬಿಗಿಯಾಗಿ ಹಿಡಿದಳು.

"ಚಲೋ ಆತು ಬಂದಿ, ಕುಮುದಾ. ನನ್ನ ರಾಜೀನಾಮೆ ಪತ್ರ ತಂದೀಯೇನು?"

ಕುಮುದಾಳ ಮುಖದ ಮೇಲಿನ ಮರುಕ ಒಂದಿಷ್ಟೂ ಅಲುಗಲಿಲ್ಲ. ಹುಬ್ಬು ಮಾತ್ರ ಕೂದಲಷ್ಟು ಮೇಲೆ ಹೋಯಿತು.

"ಯಾವ ಪತ್ರ, ಬಾಯಿ? ನನಗ ಯಾವ ಪತ್ರಾನೂ ಬಂದಿಲ್ಲ."

"ರಾಯರು ಕಳಸ್ಯಾರ."

"ರಾಯರು ಸುಳ್ಳು ಹೇಳ್ಯಾರ. ಪಾಲೇ‌ಕರರ ಪತ್ರಕ್ಕ ಮೊದಲನೇ ಸಹಿ ಹಾಕಿದವರು ಅವರಲ್ಲೇನು?" ಅಂದಳು ಕುಮುದಾ, ಎಲ್ಲ ಮೈಕುಗಳಿಗೂ ಕೇಳುವಂತೆ.

ಗಂಗೂಬಾಯಿ ಅವಳ ಕೈ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಸಿಮೆಂಟಿನ ನೆಲದ ಮೇಲೆ, ಕ್ಯಾಮೆರಾಗಳ ನಡುವೆ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಇಬ್ಬರೊಳಗ ಒಬ್ಬರು ಸುಳ್ಳು ಹೇಳಾಕತ್ತೀರಿ. ರಾಯರನ್ನ ಕೆಳಗ ಕರೀರಿ. ನೀನೂ ಇಲ್ಲೇ ಕೂಡು. ಇಬ್ಬರೂ ಎದುರಾಬದುರು ಕುಂತು ಖರೇ ಹೇಳೂತನಾ ನಾ ಏಳೂದಿಲ್ಲ. ಐದಕ್ಕ ಅಲ್ಲ, ಐದು ದಿನ ಆದ್ರೂ ಏಳೂದಿಲ್ಲ!"

ವರದಿಗಾರರು ಕುಮುದಾಳ ಸುತ್ತ ಮುಗಿಬಿದ್ದರು. ಸುಹಾಸಿನಿ ಗುಂಪಿನಿಂದ ಹಿಂದೆ ಸರಿದು ತನ್ನ ಫೋನು ತೆಗೆದಳು. ಆ ಒಂದು ಫೋಟೊ ಇದ್ದರೆ ಕುಮುದಾಳೂ ಬಾಯಿ ಮುಚ್ಚಬೇಕು, ಡಾಕ್ಟರೂ ಬಾಯಿ ಮುಚ್ಚಬೇಕು. ಪತ್ರ ಇತ್ತೆಂಬುದಕ್ಕೆ ಇಡೀ ಲೋಕದಲ್ಲಿ ಈಗ ಇದ್ದ ಸಾಕ್ಷಿ ಅದೊಂದೇ.

ಫೋಟೊ ಬಂದಿರಲಿಲ್ಲ.

ಫೋನು ಮಾಡಿದಳು. ರಾಯರ ಫೋನು ಬಂದ್ ಆಗಿತ್ತು.

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು. ಅರವತ್ತೊಂದರ ಮಂಡಿಗಳು ಎರಡನೆಯ ಮಹಡಿಗೇ ಕೂಗಿಕೊಂಡವು. ಮೂವತ್ತೊಂದು ವರ್ಷ ಒಂದೇ ಒಂದು ದಾಖಲೆಯನ್ನು ಮೇಜಿನ ಮೇಲೆ ಬಿಟ್ಟು ಎದ್ದವಳಲ್ಲ. ಇವತ್ತು ಬಿಟ್ಟು ಬಂದಿದ್ದಳು. ತನ್ನನ್ನೇ ಬೈದುಕೊಳ್ಳುತ್ತಾ ಬಾಗಿಲು ಬಡಿದಳು.

ಹರ್ಷದಾ ಬಾಗಿಲು ತೆರೆದಳು. ಅವಳ ಹಿಂದೆ ಸೋಫಾ ಖಾಲಿ. ಮೇಜಿನ ಮೇಲೆ ಫೋನೂ ಇಲ್ಲ.

"ನಿಮ್ಮ ತಂದೆಯವರನ್ನ ಕರೀರಿ. ಜಲ್ದಿ!"

"ಅಪ್ಪಾ ಈಗಷ್ಟ ಹೋದ್ರಲ್ಲರಿ," ಅಂದಳು ಹರ್ಷದಾ, ಇಷ್ಟು ಗಾಬರಿ ಯಾಕೆಂದು ತಿಳಿಯದೆ. "ನೀವು ಕೆಳಗ ಹೋಗೂದಕ್ಕೂ ಮಿಲಿಂದ ಅವರು ಹಿಂದಿನ ಲಿಫ್ಟಿನಾಗ ಮ್ಯಾಲ ಬರೂದಕ್ಕೂ ಸರಿ ಆತು. ಮುಂದಿನ ಗೇಟಿನಾಗ ಗದ್ದಲ ಐತಿ, ಹಿಂದಿನಿಂದ ಹೋಗೂಣು ಅಂತ ಕರಕೊಂಡು ಹೋದ್ರು."

ಕಿವಿಗೆ ಸಿಕ್ಕಿಸಿಕೊಂಡದ್ದನ್ನು ಪೂರ್ತಿ ತೆಗೆದು, ಸ್ವಲ್ಪ ಯೋಚಿಸಿ, ಅವಳು ಇನ್ನೊಂದು ಮಾತು ಸೇರಿಸಿದಳು.

"ಪಾಲೇಕರ ಸಾಹೇಬರ ಗಾಡಿ ಅಲ್ಲ, ಕುಮುದಾ ಮೇಡಂ ತಮ್ಮ ಗಾಡಿ ಕಳಿಸ್ಯಾರ ಅಂದ್ರು, ಮಿಲಿಂದ ಅವರು."